ಸಾಲ ತೀರಿಸಲು ಇನ್ನೊಂದು ಸಾಲ ಬೇಡ

(ಬಲಸಮುದ್ರದಲ್ಲಿ ಸೇರಿದ್ದ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಮಾಡಿದ ಭಾಷಣದ ಬರಹ ರೂಪ)

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳಿದವಳು. ಬಡ್ಡಿ, ಚಕ್ರಬಡ್ಡಿ ಎಂದು ಕಪ್ಪುಹಲಗೆಯ ಮೇಲೆ ಲೆಕ್ಕ ಬರೆದು ತೋರಿಸಿದವಳು. ಹಾಗಿದ್ದೂ ನನ್ನ ಮದುವೆಯಾದ ನಾಲ್ಕನೇ ವರ್ಷ, ನಾದಿನಿಯ ಮದುವೆಗೆಂದು ನನ್ನ ಸಂಬಳದ ಮೇಲೆ ತೆಗೆಸಿದ ಸಾಲದ ಕಾಗದಕ್ಕೆ ಓದದೆ ಸಹಿ ಹಾಕಿದೆ. ಅದು ಅರ್ಧವೂ ತೀರಿರಲಿಲ್ಲ. ಅಂಗಡಿ ಬಾಕಿ, ಕೈಸಾಲ ಎಲ್ಲವನ್ನೂ ಸೇರಿಸಿ ಒಂದೇ ದೊಡ್ಡ ಸಾಲ ಮಾಡೋಣ, ತಿಂಗಳಿಗೆ ಒಂದೇ ಕಂತು, ನೆಮ್ಮದಿ ಎಂದರು ಮನೆಯವರು. ಮತ್ತೆ ಸಹಿ ಹಾಕಿದೆ. ಹಳೆಯ ಸಾಲ ಮುರಿದುಕೊಂಡು ಕೈಗೆ ಬಂದ ಹಣ ಅಳಿಯನ ಸ್ಕೂಟರಿಗೆ ಹೋಯಿತು. ಅಂಗಡಿ ಬಾಕಿಯೂ ಕೈಸಾಲವೂ ಇದ್ದ ಹಾಗೆಯೇ ಉಳಿದವು. ಏಳು ವರ್ಷ ನನ್ನ ಸಂಬಳದಲ್ಲಿ ಕಂತು ಹಿಡಿದರು.

ಇದನ್ನು ಯಾಕೆ ಹೇಳಿದೆನೆಂದರೆ, ಸಾಲಕ್ಕೆ ಬಿದ್ದವರು ದಡ್ಡರು ಎಂಬ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ. ನಾನು ಎಂ.ಎ. ಓದಿದವಳು. ನನ್ನ ತೊಂದರೆ ಲೆಕ್ಕದ್ದಲ್ಲ. ಸಹಿ ನನ್ನದಾಗಿತ್ತು, ತೀರ್ಮಾನ ನನ್ನದಾಗಿರಲಿಲ್ಲ.

ನಮ್ಮ ಸಂಘಗಳು ಹುಟ್ಟಿದ್ದು ಉಳಿತಾಯಕ್ಕಾಗಿ. 1980ರ ದಶಕದಲ್ಲಿ ಮೈರಾಡ ಸಂಸ್ಥೆ ಕರ್ನಾಟಕದಲ್ಲಿ ಇಂಥ ಸಣ್ಣ ಗುಂಪುಗಳನ್ನು ಕಟ್ಟಿತು; 1992ರಲ್ಲಿ ನಬಾರ್ಡ್ ಅವುಗಳನ್ನು ಬ್ಯಾಂಕಿಗೆ ಜೋಡಿಸಿತು; 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು. ಆಮೇಲೆ ಕಿರುಸಾಲದ ಕಂಪನಿಗಳು ಬಂದವು. ಹೆಂಗಸರು ಮರ್ಯಾದೆಗೆ ಅಂಜಿ ಕಂತು ಕಟ್ಟುತ್ತಾರೆ ಎಂಬುದನ್ನು ಅವು ಚೆನ್ನಾಗಿ ಕಂಡುಕೊಂಡವು. ಈಗ ಸೋಮವಾರದ ಕಂತಿಗೆ ಗುರುವಾರದ ಗುಂಪಿನಲ್ಲಿ ಸಾಲ ಎತ್ತುವ ಸ್ಥಿತಿ. ಪಾವಗಡದ ಗಡಿಯಾಚೆ ಆಂಧ್ರದಲ್ಲಿ ಇದೇ ಹಾದಿ ಆತ್ಮಹತ್ಯೆಗಳವರೆಗೆ ಹೋಗಿ, 2010ರ ಅಕ್ಟೋಬರಿನಲ್ಲಿ ಅಲ್ಲಿನ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ನಮ್ಮಲ್ಲಿ ಅಂಥದ್ದು ಬಂದದ್ದು 2025ರ ಫೆಬ್ರವರಿಯಲ್ಲಿ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಒಂದು ನೋಟ್‌ಬುಕ್ಕಿನಿಂದ. ಯಾರಿಗೆ ಕೊಡಬೇಕು, ಅಸಲು ಎಷ್ಟು ಉಳಿದಿದೆ, ಬಡ್ಡಿ ಎಷ್ಟು, ಕಂತು ಯಾವತ್ತು, ಏನು ಅಡವಿದೆ ಎಂದು ಬರೆಯಿರಿ. ಬರೆಯಲು ಬಾರದವರು ಮಗಳ ಕೈಯಲ್ಲಿ ಬರೆಸಿ. ಕೊನೆಗೆ ಇನ್ನೊಂದು ಕಲಂ ಹಾಕಿ: ಈ ಹಣವನ್ನು ಖರ್ಚು ಮಾಡಿದವರು ಯಾರು? ಹೆಸರು ನಿಮ್ಮದು, ಖರ್ಚು ಗಂಡನದೋ ಮೈದುನನದೋ ಆಗಿದ್ದರೆ ಹಾಗೆಯೇ ಬರೆಯಿರಿ. ಕಾಗದದಲ್ಲಿ ನಿಮ್ಮ ಸಹಿ ಇರುವುದರಿಂದ ಆ ಸಾಲ ನಿಮ್ಮದಲ್ಲವೆಂದು ಆಗುವುದಿಲ್ಲ. ಆದರೆ ಮುಂದಿನ ಸಹಿ ಕೇಳಿದಾಗ ಈ ಕಲಂ ನಿಮ್ಮ ಕಣ್ಣ ಮುಂದಿರುತ್ತದೆ. ಇನ್ನೊಂದು ವಿಷಯ. ನೀವು ಸಹಿ ಹಾಕದ, ಜಾಮೀನು ನಿಲ್ಲದ ಗಂಡನ ಸಾಲಕ್ಕೆ, ಕೇವಲ ಹೆಂಡತಿ ಎಂಬ ಕಾರಣಕ್ಕೆ ನೀವು ಹೊಣೆಯಲ್ಲ.

ಹಿಂದೊಮ್ಮೆ ಇನ್ನೊಂದು ಊರಿನ ಸಭೆಯಲ್ಲಿ ಹೀಗೆ ಪಟ್ಟಿ ಬರೆಸುತ್ತಿದ್ದಾಗ ಒಬ್ಬ ತಾಯಿ ಕೊನೆಯಲ್ಲಿ 'ಬೀಗರಿಗೆ ಬಾಕಿ 50,000' ಎಂದು ಬರೆಸಿದಳು. ಮದುವೆಯ ಮಾತುಕತೆಯಲ್ಲಿ ಒಪ್ಪಿದ ಹಣವಂತೆ. ಅದಕ್ಕಾಗಿಯೇ ಹೊಸ ಸಾಲ ಕೇಳಲು ಬಂದಿದ್ದಳು. ಕೊಡದಿದ್ದರೆ ಮಗಳನ್ನು ತವರಿಗೆ ಕಳಿಸುತ್ತೇವೆಂದು ಹೆದರಿಸಿದ್ದರು. ಅಕ್ಕತಂಗಿಯರೇ, ಅದು ಸಾಲವಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ 5ನೇ ಕಲಮಿನಂತೆ ವರದಕ್ಷಿಣೆ ಕೊಡುವ, ತೆಗೆದುಕೊಳ್ಳುವ ಒಪ್ಪಂದಕ್ಕೆ ಬೆಲೆಯೇ ಇಲ್ಲ. ಕೇಳುವುದೂ ಅಪರಾಧ, ಕೊಡುವುದೂ ಅಪರಾಧ. ಆ ಸಾಲನ್ನು ಅವಳ ಕೈಯಿಂದಲೇ ಹೊಡೆಸಿದೆವು. ಮಗಳ ಪರವಾಗಿ ದೂರು ಕೊಡುವುದು ಹೇಗೆಂದು ಅವತ್ತೇ ಕುಳಿತು ಮಾತಾಡಿದೆವು. ಐವತ್ತು ಸಾವಿರ ಕೊಟ್ಟಿದ್ದರೆ ಹೊಡೆತ ನಿಲ್ಲುತ್ತಿತ್ತೆಂದು ನಂಬಬೇಡಿ. ಕೊಡುವ ಕೈ ಇದೆ ಎಂದು ಗೊತ್ತಾದರೆ ಕೇಳುವ ಬಾಯಿ ದೊಡ್ಡದಾಗುತ್ತದೆ.

ಪಟ್ಟಿಯಾದ ಮೇಲೆ ಎರಡನೇ ಕೆಲಸ: ಹೊಸ ಸಾಲ ನಿಲ್ಲಿಸುವುದು. ಎಲ್ಲ ಸಾಲವನ್ನೂ ಒಟ್ಟುಗೂಡಿಸಿ ಒಂದೇ ಸಾಲ ಕೊಡುತ್ತೇವೆಂದು ಬರುವವರಿಗೆ ಮೂರು ಪ್ರಶ್ನೆ ಕೇಳಿ. ಶುಲ್ಕ, ವಿಮೆ ಹಿಡಿದು ಕೈಗೆ ಬರುವುದೆಷ್ಟು? ಕಂತು ಸಣ್ಣದಾಗಿರುವುದು ಬಡ್ಡಿ ಇಳಿದದ್ದರಿಂದಲೋ, ವರ್ಷ ಹೆಚ್ಚಿದ್ದರಿಂದಲೋ? ಅಡವು ಏನು ಕೇಳುತ್ತೀರಿ, ಓಲೆಯೋ, ಮನೆಪತ್ರವೋ? ಹಳೆಯ ಸಾಲಗಳು ಒಮ್ಮೆ ಮುಚ್ಚಿದರೆ ಅದೇ ಏಜೆಂಟರು ಮರುತಿಂಗಳು ಬಾಗಿಲಿಗೆ ಬರುತ್ತಾರೆ. ಮನೆಯಲ್ಲಿ ಮದುವೆಯೋ ಜಾತ್ರೆಯೋ ಬಂದರೆ ಮತ್ತೆ ಸಹಿ. ಆಗ ದೊಡ್ಡದೂ ಉಳಿಯಿತು, ಚಿಕ್ಕವೂ ಉಳಿದವು.

ಮೂರನೆಯದು, ಬಡ್ಡಿ ಹೆಚ್ಚಿರುವ ಸಾಲವನ್ನು ಮೊದಲು ಹಿಡಿಯುವುದು. ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಎಂದರೆ ವರ್ಷಕ್ಕೆ ಅರವತ್ತು. ಹತ್ತು ಸಾವಿರಕ್ಕೆ ತಿಂಗಳಿಗೆ ಐನೂರು ಬಡ್ಡಿ. ಬಡ್ಡಿಯನ್ನಷ್ಟೇ ಕಟ್ಟುತ್ತ ಹೋದರೆ ಒಂಬತ್ತು ತಿಂಗಳಲ್ಲಿ 4,500 ಕೊಟ್ಟಿರುತ್ತೀರಿ, ಹತ್ತು ಸಾವಿರ ಹಾಗೆಯೇ ನಿಂತಿರುತ್ತದೆ. ಅದರ ಬದಲು ತಿಂಗಳಿಗೆ 1,500 ಕೊಟ್ಟು, ಬಡ್ಡಿ ಕಳೆದು ಉಳಿದದ್ದನ್ನು ಅಸಲಿಗೆ ಹಾಕಿಸಿದರೆ ಒಂಬತ್ತನೇ ತಿಂಗಳಿಗೆ ಸಾಲ ಮುಗಿಯುತ್ತದೆ. ಬಡ್ಡಿ ಸುಮಾರು 2,475 ರೂಪಾಯಿ. ಕೊಟ್ಟ ಪ್ರತಿ ಸಲವೂ ಪ್ರೋನೋಟಿನ ಹಿಂಭಾಗದಲ್ಲಿ ಬರೆಸಿ, ನಿಮ್ಮ ಪುಸ್ತಕದಲ್ಲೂ ಸಹಿ ಹಾಕಿಸಿಕೊಳ್ಳಿ. ಅಸಲನ್ನು ತುಂಡುತುಂಡಾಗಿ ತೆಗೆದುಕೊಳ್ಳುವುದಿಲ್ಲ ಎಂದರೆ ಆ ಸಾವಿರವನ್ನು ತಿಂಗಳು ತಿಂಗಳು ಸಂಘದಲ್ಲಿ ಕೂಡಿಸಿ, ಒಟ್ಟಿಗೆ ಕೊಟ್ಟು ನೋಟು ಹರಿಸಿಬನ್ನಿ. ಆ ಸಾಲ ಮುಗಿದ ತಿಂಗಳಿನಿಂದ ಅದೇ 1,500 ಮುಂದಿನ ಸಾಲಕ್ಕೆ. ಉಳಿದ ಸಾಲಗಳ ಮಾಮೂಲು ಕಂತು ಮಾತ್ರ ತಪ್ಪಿಸಬೇಡಿ.

ಆ ಸಾವಿರ ಎಲ್ಲಿಂದ ಬರಬೇಕು ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಅನ್ನ, ಔಷಧಿ, ಮಕ್ಕಳ ಓದಿನಲ್ಲಿ ಕಡಿಯಬೇಡಿ ಎಂದೇ ಹೇಳುತ್ತೇನೆ. ಮನೆಯಲ್ಲಿ ಕೊನೆಗೆ ಉಣ್ಣುವವಳ ತಟ್ಟೆಯಿಂದ ಸಾಲ ತೀರಬಾರದು. 2023ರ ಆಗಸ್ಟಿನಲ್ಲಿ ಶುರುವಾದ ಗೃಹಲಕ್ಷ್ಮಿಯ ಎರಡು ಸಾವಿರ ಬಂದ ತಿಂಗಳು ಅರ್ಧ ಇದಕ್ಕೆ ಇಡಿ. ಕಡಲೆಕಾಯಿ ಮಾರಿದಾಗ, ಹುಣಸೆಹಣ್ಣು ಬಡಿದು ಮಾರಿದಾಗ ಬರುವ ಹಣದಲ್ಲಿ ಒಂದು ಪಾಲನ್ನು ಮನೆಗೆ ತರುವ ಮೊದಲೇ ತೆಗೆದಿಡಿ. ಮುಯ್ಯಿಯ ವಿಷಯದಲ್ಲಿ ಸಂಘದವರೆಲ್ಲ ಸೇರಿ ಒಂದು ಮಿತಿ ಗೊತ್ತುಮಾಡಿ. ಒಬ್ಬಳೇ ಕಡಿಮೆ ಮಾಡಿದರೆ ಜಿಪುಣಿ ಎನ್ನುತ್ತಾರೆ, ಇಪ್ಪತ್ತು ಜನ ಮಾಡಿದರೆ ಅದು ಊರಿನ ಪದ್ಧತಿಯಾಗುತ್ತದೆ. ಹಾಗೆಯೇ ಗಂಡನ ಕುಡಿತದ ಖರ್ಚನ್ನೂ ಪುಸ್ತಕದಲ್ಲಿ ಬರೆಯಿರಿ. ಬರೆದದ್ದು ಕಂಡರೆ ಹೊಡೆತ ಬೀಳುವ ಮನೆಯಾದರೆ ಪುಸ್ತಕ ಸಂಘದ ಪೆಟ್ಟಿಗೆಯಲ್ಲಿರಲಿ.

ಕಂತು ಕಟ್ಟಲಾಗದ ತಿಂಗಳು ಬಂದರೆ ಅಡಗಬೇಡಿ. ಮೊದಲೇ ಹೋಗಿ ಕಾಲಾವಕಾಶ ಕೇಳಿ, ಬರೆದುಕೊಡಿ. 2022ರ ಏಪ್ರಿಲಿನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ ಕಿರುಸಾಲ ಪಡೆದ ಮನೆಯ ತಿಂಗಳ ಕಂತುಗಳೆಲ್ಲ ಸೇರಿ ಆದಾಯದ ಅರ್ಧ ಮೀರಬಾರದು. ಬೆಳಿಗ್ಗೆ ಒಂಬತ್ತರ ಮೊದಲು, ಸಂಜೆ ಆರರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ, ಬೈಯುವಂತಿಲ್ಲ. ಮುಂಚಿತವಾಗಿ ತೀರಿಸಿದರೆ ದಂಡವಿಲ್ಲ. 2025ರ ಕರ್ನಾಟಕದ ಕಾನೂನಿನಲ್ಲಿ ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡವಿದೆ. ಆದರೆ ಅಧಿಕೃತ ಸಂಸ್ಥೆಯ ಸಾಲವನ್ನು ಆ ಕಾನೂನು ಮನ್ನಾ ಮಾಡಿಲ್ಲ. ಹಾಗೆಂದು ಹೇಳಿ ಹಣ ಕೇಳುವವರನ್ನು ನಂಬಬೇಡಿ.

ನಿಮ್ಮ ಒಡವೆ ನಿಮ್ಮ ಸ್ತ್ರೀಧನ. ಗಂಡನಿಗೆ ಅದರ ಮೇಲೆ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟು 1985ರಲ್ಲಿ ಹೇಳಿದೆ, 2024ರಲ್ಲಿ ಮತ್ತೆ ಹೇಳಿದೆ. ಹೊಡೆದು ಸಾಲ ತೆಗೆಸುವುದು, ಒಡವೆ ಕಿತ್ತು ಅಡವಿಡುವುದು ಸಂಸಾರದ ವಿಷಯವಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಆರ್ಥಿಕ ದೌರ್ಜನ್ಯವನ್ನೂ ದೌರ್ಜನ್ಯವೆಂದೇ ಕರೆದಿದೆ. 181ಕ್ಕೆ ಕರೆ ಮಾಡಿ. ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಅದರ ಸಂಖ್ಯೆ 15100.

ನನ್ನ ಏಳು ವರ್ಷದ ಕಂತು ಮುಗಿದ ತಿಂಗಳು ಮನೆಯವರು ಮೂರನೇ ಕಾಗದ ತಂದರು. ಓದುತ್ತೇನೆ, ಇಲ್ಲಿಡಿ ಎಂದೆ. ಎರಡು ದಿನ ಮನೆಯಲ್ಲಿ ಮಾತಿರಲಿಲ್ಲ. ಆಮೇಲೆ ಆ ಕಾಗದವನ್ನು ಯಾರೂ ಮತ್ತೆ ಕೇಳಲಿಲ್ಲ.

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಪುಸ್ತಕ ತನ್ನಿ. ಪಟ್ಟಿ ಪೂರ್ತಿಯಾಗಿರಬೇಕೆಂದಿಲ್ಲ. ಒಂದು ಸಾಲ ಬರೆದಿದ್ದರೂ ಸಾಕು, ಉಳಿದದ್ದನ್ನು ಕೂತು ಬರೆಯೋಣ.