ನಮ್ಮ ಮಾತನ್ನೂ ಕೇಳಬೇಕು



1981ನೇ ಇಸವಿ. ಬೊಂಬಾಯಿಯಲ್ಲಿ ಮಳೆಗಾಲ. ರಸ್ತೆ ಬದಿಯ ಗುಡಿಸಲು ಕೀಳಲು ಸರ್ಕಾರ ಹೊರಟಿತು. ಬಡವರು ಎಲ್ಲಿಗೆ ಹೋಗಬೇಕು? ಅಲ್ಲಿನವರೂ ಪತ್ರಕರ್ತರೂ ಸುಪ್ರೀಂ ಕೋರ್ಟಿಗೆ ಹೋದರು.

1985ರಲ್ಲಿ ತೀರ್ಪು ಬಂತು. ಕೂಲಿ ಹೋದರೆ ಬದುಕೇ ಹೋದಂತೆ. ಜೀವಿಸುವ ಹಕ್ಕಿನಲ್ಲಿ ದುಡಿದು ತಿನ್ನುವ ಹಕ್ಕೂ ಸೇರಿದೆ ಎಂದಿತು ಕೋರ್ಟು. ರಸ್ತೆಯಲ್ಲೇ ಕಾಯಂ ಇರಲು ಹಕ್ಕಿಲ್ಲ. ಆದರೆ ಕೀಳುವ ಮೊದಲು ನೋಟೀಸು ಕೊಡಬೇಕು, ಮಾತು ಕೇಳಬೇಕು. ಮಳೆಗಾಲ ಮುಗಿಯೋವರೆಗೆ ಮುಟ್ಟಬಾರದು ಅಂತಲೂ ಹೇಳಿತು.

ಅಧಿಕಾರಿಯ ಆದೇಶ ಕಾನೂನಿನಂತೆ ಇದೆಯೋ ಇಲ್ಲವೋ ಎಂದು ಕೋರ್ಟು ನೋಡಬಹುದು. ಹೈಕೋರ್ಟಿಗೂ ಈ ಅಧಿಕಾರ ಇದೆ.

ಫೀಸಿಗೆ ದುಡ್ಡಿಲ್ಲವೇ? ಹೆಂಗಸರಿಗೆ ವಕೀಲರ ನೆರವು ಪುಕ್ಕಟೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳೋಣ.

ನೋಟೀಸು ಬಂದರೆ ಹೆದರೋದು ಬೇಡ. ಈಗ ನಮಗೆ ಓದೋಕೆ ಬರುತ್ತೆ. ಓದೋಣ, ಉತ್ತರ ಬರೆಯೋಣ.