ಮೀಟರ್ ಓದೋಣ, ದುಡ್ಡು ಉಳಿಸೋಣ

(ರಾತ್ರಿ ಶಾಲೆಯಲ್ಲಿ ಕಲಿಯುವವರ ಮುಂದೆ ಆಡಿದ ಮಾತು)



ಊಟ ಆಯ್ತಾ? ದ್ರಾಕ್ಷಿ ತೋಟದ ಕೆಲಸ, ಗದ್ದೆ ಕೆಲಸ, ಮನೆ ಕೆಲಸ ಎಲ್ಲಾ ಮುಗಿಸಿ ಬಂದಿದ್ದೀರಿ. ಕಣ್ಣು ಎಳೀತಾ ಇರುತ್ತೆ, ಗೊತ್ತು. ಅದಕ್ಕೇ ಇವತ್ತು ಹೊಸ ಅಕ್ಷರ ಇಲ್ಲ, ಒತ್ತಕ್ಷರ ಇಲ್ಲ. ಇವತ್ತು ಕರೆಂಟ್ ಬಿಲ್ಲಿನ ಮಾತು. ಕೊನೆಗೆ ಗ್ಯಾಸಿನ ಮಾತು.

ನಾವು ಮನೆಯಲ್ಲಿ ಕನ್ನಡ ಆಡ್ತೀವಿ. ಸಂತೆಯಲ್ಲಿ ತಮಿಳು ಆಡ್ತೀವಿ. ಕರೆಂಟ್ ಕಾರ್ಡು ತಮಿಳಿನಲ್ಲಿ ಇರುತ್ತೆ. ಮೀಟರ್ ಮೇಲೆ ಇಂಗ್ಲಿಷ್ ಇರುತ್ತೆ. "ಇದನ್ನೆಲ್ಲಾ ನಾವು ಹೇಗೆ ಓದೋದು ಟೀಚರ್?" ಅಂತ ನೀವು ಕೇಳ್ತೀರಿ. ಹೆದರಬೇಡಿ. ಅಂಕಿಗೆ ಭಾಷೆ ಇಲ್ಲ. ಕಂಬಂನಲ್ಲೂ ಅದೇ 5, ದಿಂಡಿಗಲ್‌ನಲ್ಲೂ ಅದೇ 5, ಬೆಂಗಳೂರಿನಲ್ಲೂ ಅದೇ 5. ಅಂಕಿ ಕಲಿತವರು ಮೀಟರ್ ಓದಬಹುದು. ನೀವು ಅಂಕಿ ಕಲಿತಿದ್ದೀರಿ.

ಕರೆಂಟ್ ಎಲ್ಲಿಂದ ಬರುತ್ತೆ?

ಗೂಡಲೂರು ದಾಟಿ ಕುಮುಳಿ ಘಾಟಿಯ ಕಡೆ ಹೋಗುವಾಗ ಲೋಯರ್ ಕ್ಯಾಂಪ್ ಸಿಗುತ್ತೆ. ಅಲ್ಲಿ ಬೆಟ್ಟದ ಮೇಲಿಂದ ದಪ್ಪ ಪೈಪುಗಳು ಇಳಿದು ಬರುತ್ತವೆ. ನೀವೆಲ್ಲಾ ಬಸ್ಸಿನ ಕಿಟಕಿಯಿಂದ ನೋಡಿದ್ದೀರಿ. ಅದರಲ್ಲಿ ಬರೋದು ಮುಲ್ಲೈ ಪೆರಿಯಾರ್ ಅಣೆಕಟ್ಟೆಯ ನೀರು. ಆ ಅಣೆಕಟ್ಟೆ 1895ರಲ್ಲಿ ಆಯ್ತು. ಆ ನೀರು ಮೊದಲು ಯಂತ್ರ ತಿರುಗಿಸುತ್ತೆ. ಆಗ ಕರೆಂಟ್ ಹುಟ್ಟುತ್ತೆ. ಆಮೇಲೆ ಅದೇ ನೀರು ನಮ್ಮ ಕಂಬಂ ಕಣಿವೆಯ ಗದ್ದೆಗೆ ಬರುತ್ತೆ. ಆಂಡಿಪಟ್ಟಿ ಕಡೆ ಗಾಳಿಯ ಯಂತ್ರಗಳೂ ತಿರುಗುತ್ತವೆ.

ಕರೆಂಟ್ ನಮ್ಮ ಕಣ್ಣ ಮುಂದೆಯೇ ಹುಟ್ಟುತ್ತೆ. ಆದರೂ ನಮ್ಮ ಮನೆಗೆ ಎಷ್ಟು ಬಂತು ಅನ್ನೋ ಲೆಕ್ಕ ನಮಗೆ ಗೊತ್ತಿಲ್ಲ. ಹಾಲು ಅಳೆದು ಕೊಡ್ತೀವಿ. ಅಕ್ಕಿ ತೂಗಿ ತರ್ತೀವಿ. ಕರೆಂಟಿಗೆ ಮಾತ್ರ ಅವರು ಹೇಳಿದಷ್ಟು ಕೊಡ್ತೀವಿ. ಇದು ಸರಿಯಾ?

ಬಿಲ್ಲು ಯಾಕೆ ಏರಿತು?

ಮೊದಲು ನಮ್ಮ ಮನೆಯಲ್ಲಿ ಏನಿತ್ತು? ಒಂದು ಸೀಮೆಎಣ್ಣೆ ಬುಡ್ಡಿ. ಆಮೇಲೆ ಒಂದು ಗುಂಡು ಬಲ್ಬು. 2006ರಲ್ಲಿ ಸರ್ಕಾರ ಉಚಿತ ಟಿ.ವಿ. ಕೊಡೋಕೆ ಶುರು ಮಾಡಿತು. 2011ರಲ್ಲಿ ಮಿಕ್ಸಿ, ಗ್ರೈಂಡರ್, ಫ್ಯಾನು ಕೊಡೋಕೆ ಶುರುವಾಯ್ತು. ಒರಳುಕಲ್ಲು ತಿರುಗಿಸಿ ಸೋತ ಕೈಗೆ ಸುಖ ಸಿಕ್ಕಿತು. ಒಳ್ಳೇದೇ ಆಯ್ತು. ಆಮೇಲೆ ಕೆಲವರ ಮನೆಗೆ ಫ್ರಿಜ್ ಬಂತು. ಮೊಬೈಲ್ ಬಂತು. ನೀರು ಕಾಯಿಸೋ ರಾಡ್ ಬಂತು. ಸಾಮಾನು ಹೆಚ್ಚಿತು, ಯೂನಿಟ್ ಹೆಚ್ಚಿತು.

ಇನ್ನೊಂದು ಕಡೆ ದರವೂ ಏರಿತು. 2016ರ ಮೇ ತಿಂಗಳಲ್ಲಿ ತಮಿಳುನಾಡಿನ ಮನೆಗಳಿಗೆ ಎರಡು ತಿಂಗಳಿಗೆ ಮೊದಲ 100 ಯೂನಿಟ್ ಉಚಿತ ಅಂತ ಆಯ್ತು. 2022ರ ಸೆಪ್ಟೆಂಬರ್‌ನಲ್ಲಿ ದರ ಏರಿತು. 2024ರ ಜುಲೈನಲ್ಲಿ ಮತ್ತೆ ಏರಿತು.

ನಾನು ಮಾಡಿದ ತಪ್ಪು

ಈಗ ನನ್ನ ಕತೆ ಹೇಳ್ತೀನಿ. ನಗಬೇಡಿ.

2022ರ ಕೊನೆಯಲ್ಲಿ ನಮ್ಮ ಮನೆಗೆ 1,998 ರೂಪಾಯಿ ಬಿಲ್ಲು ಬಂತು. ಯೂನಿಟ್ ನೋಡಿದೆ. 506. ನನ್ನ ತಮ್ಮ ಲೆಕ್ಕ ಹಾಕಿ ಹೇಳಿದ: "ಅಕ್ಕಾ, 500ಕ್ಕೆ ನಿಂತಿದ್ರೆ 1,725 ರೂಪಾಯಿ ಆಗ್ತಿತ್ತು."

ಆರು ಯೂನಿಟ್‌ಗೆ 273 ರೂಪಾಯಿ! ನನಗೆ ನಂಬಿಕೆ ಬರಲಿಲ್ಲ. ಆಗ ಅವನು ಬಿಡಿಸಿ ಹೇಳಿದ. ಕರೆಂಟ್ ದರ ಮೆಟ್ಟಿಲಿನ ಹಾಗೆ. ಆಗಿನ ದರದಲ್ಲಿ ಮೊದಲ 100 ಯೂನಿಟ್‌ಗೆ ದುಡ್ಡಿಲ್ಲ. ಮುಂದಿನ 100ಕ್ಕೆ ಯೂನಿಟ್‌ಗೆ 2 ರೂಪಾಯಿ 25 ಪೈಸೆ. ಅದರ ಮುಂದಿನ 200ಕ್ಕೆ 4 ರೂಪಾಯಿ 50 ಪೈಸೆ. 400 ದಾಟಿದರೆ 6 ರೂಪಾಯಿ. 500 ದಾಟಿದರೆ 8 ರೂಪಾಯಿ.

ಇಷ್ಟೇ ಅಲ್ಲ. 500 ದಾಟಿದವರಿಗೆ ಆ 2 ರೂಪಾಯಿ 25 ಪೈಸೆಯ ಮೆಟ್ಟಿಲೇ ಹೋಗ್ತಿತ್ತು. ಅಲ್ಲೂ 4 ರೂಪಾಯಿ 50 ಪೈಸೆ ಆಗ್ತಿತ್ತು. ಅದಕ್ಕೇ 500ರ ಮೇಲೆ ಒಂದೇ ಒಂದು ಯೂನಿಟ್ ಹೋದರೂ 233 ರೂಪಾಯಿ ಜಾಸ್ತಿ ಬೀಳ್ತಿತ್ತು.

ನಾನು ಓದಿದವಳು. ನಿಮಗೆ ಪಾಠ ಹೇಳುವವಳು. ಆದರೆ ನನ್ನ ಮನೆ ಗೋಡೆಯ ಮೀಟರನ್ನೇ ನಾನು ಓದಿರಲಿಲ್ಲ. ಕೊನೇ ವಾರ ನೋಡಿದ್ದರೆ, ನಾಲ್ಕು ದಿನ ಇಸ್ತ್ರಿ ಪೆಟ್ಟಿಗೆ, ರಾಡು ಬಿಟ್ಟಿದ್ದರೆ ಸಾಕಾಗ್ತಿತ್ತು.

ದರ ಆಗಾಗ ಬದಲಾಗುತ್ತೆ. ಈಗಿನ ಮೆಟ್ಟಿಲು ಎಲ್ಲಿದೆ ಅಂತ ಬಿಲ್ಲು ಕಟ್ಟುವಾಗ ಕೇಳಿ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ.

ಮೀಟರ್ ಓದೋದು ಹೇಗೆ?

ಮೀಟರ್‌ನಲ್ಲಿ ಅಂಕಿಗಳು ಒಂದಾದ ಮೇಲೆ ಒಂದು ಬರುತ್ತವೆ. ಒಮ್ಮೆ ದಿನಾಂಕ ಬರುತ್ತೆ. ಒಮ್ಮೆ ಗಂಟೆ ಬರುತ್ತೆ. ಸ್ವಲ್ಪ ಕಾಯಿರಿ. ಒಂದು ಅಂಕಿಯ ಪಕ್ಕ ಇಂಗ್ಲಿಷಿನಲ್ಲಿ ಕೆ, ಡಬ್ಲ್ಯು, ಎಚ್ ಅನ್ನೋ ಮೂರು ಅಕ್ಷರ ಬರುತ್ತೆ. ಅದೇ ಯೂನಿಟ್. ಚುಕ್ಕೆಯ ಹಿಂದೆ ಇರುವ ಅಂಕಿ ಬರೆದುಕೊಳ್ಳಿ. ಚುಕ್ಕೆಯ ಮುಂದಿನದು ಬೇಡ.

ಈಗ ಕಳೆಯುವ ಲೆಕ್ಕ. ನಾವು ಕಲಿತದ್ದೇ.

ಬಿಲ್ಲಿನವರು ಬಂದು ಬರೆದ ಅಂಕಿ 8640.
30 ದಿನ ಆದ ಮೇಲೆ ನೀವು ನೋಡಿದ ಅಂಕಿ 8905.
8905ರಲ್ಲಿ 8640 ಕಳೆದರೆ 265.

ಒಂದು ತಿಂಗಳಿಗೆ 265. ಹೀಗೇ ಹೋದರೆ ಎರಡು ತಿಂಗಳಿಗೆ 530. 500 ದಾಟುತ್ತೆ. ಇನ್ನು ಒಂದು ತಿಂಗಳು ಕೈಯಲ್ಲಿದೆ. ಈಗಲೇ ಹಿಡಿದರೆ ತಪ್ಪಿಸಬಹುದು. ಬಿಲ್ಲು ಬಂದ ಮೇಲೆ ಅತ್ತರೆ ಏನು ಬಂತು?

ನಿಮ್ಮದು ಚಿಕ್ಕ ಮನೆಯಾದರೆ ನೀವು 500ಕ್ಕೆ ಹೋಗಲ್ಲ. ನಿಮ್ಮ ಮೆಟ್ಟಿಲು 200 ಇರಬಹುದು. ಲೆಕ್ಕ ಮಾತ್ರ ಒಂದೇ.

ಯಾವುದು ಎಷ್ಟು ತಿನ್ನುತ್ತೆ?

1,000 ವಾಟ್‌ನ ಸಾಮಾನು ಒಂದು ಗಂಟೆ ಓಡಿದರೆ ಒಂದು ಯೂನಿಟ್. ಇದನ್ನು ಬಾಯಿಪಾಠ ಮಾಡಿ.

60 ವಾಟ್‌ನ ಹಳೇ ಗುಂಡು ಬಲ್ಬು ದಿನಕ್ಕೆ 5 ಗಂಟೆ ಉರಿದರೆ ಎರಡು ತಿಂಗಳಿಗೆ 18 ಯೂನಿಟ್. 9 ವಾಟ್‌ನ ಎಲ್‌ಇಡಿ ಬಲ್ಬು ಅಷ್ಟೇ ಹೊತ್ತು ಉರಿದರೆ 3 ಯೂನಿಟ್‌ಗಿಂತ ಕಡಿಮೆ.

75 ವಾಟ್‌ನ ಹಳೇ ಫ್ಯಾನು ದಿನಕ್ಕೆ 10 ಗಂಟೆ ತಿರುಗಿದರೆ ಎರಡು ತಿಂಗಳಿಗೆ 45 ಯೂನಿಟ್. 30 ವಾಟ್‌ನ ಹೊಸ ಫ್ಯಾನು 18 ಯೂನಿಟ್ ತಗೊಳುತ್ತೆ. ಹೊಸದಕ್ಕೆ ದುಡ್ಡು ಜಾಸ್ತಿ. ಅದಕ್ಕೆ ಸಾಲ ಮಾಡಬೇಡಿ. ಹಳೇದು ಕೆಟ್ಟಾಗ ಯೋಚನೆ ಮಾಡಿ.

1,500 ವಾಟ್‌ನ ರಾಡು ದಿನಕ್ಕೆ ಅರ್ಧ ಗಂಟೆ ಹಾಕಿದರೆ ಎರಡು ತಿಂಗಳಿಗೆ 45 ಯೂನಿಟ್. ನಮ್ಮಲ್ಲಿ ಬಿಸಿಲಿಗೆ ಬರ ಇಲ್ಲ. ಮಧ್ಯಾಹ್ನ ಬಿಸಿಲಲ್ಲಿ ನೀರು ಇಟ್ಟರೆ ಸಂಜೆ ಸ್ನಾನಕ್ಕೆ ಬೆಚ್ಚಗಿರುತ್ತೆ.

ಇಸ್ತ್ರಿ ಪೆಟ್ಟಿಗೆ 1,000 ವಾಟ್. ದಿನಾ ಒಂದೊಂದು ಬಟ್ಟೆಗೆ ಕಾಯಿಸಬೇಡಿ. ವಾರದ ಬಟ್ಟೆ ಒಟ್ಟಿಗೆ ಮಾಡಿ. ಮೋಟಾರ್ ಹಾಕಿ ಮಾತಾಡುತ್ತಾ ಕೂರಬೇಡಿ. ಟ್ಯಾಂಕ್ ತುಂಬಿ ಚೆಲ್ಲಿದರೆ ನೀರೂ ಹೋಯ್ತು, ಕರೆಂಟೂ ಹೋಯ್ತು.

ಇಷ್ಟು ಹೇಳಿದೆ ಅಂತ ಮಕ್ಕಳು ಓದುವ ದೀಪ ಆರಿಸಬೇಡಿ. ಬೇಸಿಗೆಯಲ್ಲಿ ವಯಸ್ಸಾದವರ ಫ್ಯಾನು ನಿಲ್ಲಿಸಬೇಡಿ. ಬೇಡದ್ದನ್ನು ನಿಲ್ಲಿಸಿ. ಬೇಕಾದ್ದನ್ನು ನಿಲ್ಲಿಸಬೇಡಿ.

ಬಾಡಿಗೆ ಮನೆಯ ಅಕ್ಕ

ನಮ್ಮ ರಾತ್ರಿ ಶಾಲೆಗೆ ಒಬ್ಬ ಅಕ್ಕ ಬರ್ತಿದ್ದರು. ಹೆಸರು ಬೇಡ. ಗಂಡ ಇಲ್ಲ. ಇಬ್ಬರು ಮಕ್ಕಳು. ದ್ರಾಕ್ಷಿ ತೋಟದಲ್ಲಿ ಕೂಲಿ. ಬಾಡಿಗೆ ಮನೆ. ಆ ವಠಾರದಲ್ಲಿ ಮೂರು ಮನೆಗೂ ಸೇರಿ ಒಂದೇ ದೊಡ್ಡ ಮೀಟರ್. ಒಳಗೆ ಒಂದೊಂದು ಮನೆಗೂ ಒಂದೊಂದು ಚಿಕ್ಕ ಮೀಟರ್. ಮನೆ ಯಜಮಾನರು ಯೂನಿಟ್‌ಗೆ 10 ರೂಪಾಯಿ ತಗೊಳ್ತಿದ್ದರು. ಮೂರು ಮನೆ ಸೇರಿದಾಗ 500 ದಾಟುತ್ತೆ, ಅದಕ್ಕೇ ಜಾಸ್ತಿ ಅಂತ ಹೇಳ್ತಿದ್ದರು.

ಅಕ್ಕನ ಮನೆಯಲ್ಲಿ ಎರಡು ಬಲ್ಬು, ಒಂದು ಫ್ಯಾನು, ಒಂದು ಟಿ.ವಿ. ಅಷ್ಟೇ. ಆದರೂ ತಿಂಗಳಿಗೆ 800, 900 ರೂಪಾಯಿ ಕೊಡ್ತಿದ್ದರು. ಎರಡು ವರ್ಷ ಕೊಟ್ಟರು. ಕೇಳೋಕೆ ಭಯ. ಮನೆ ಖಾಲಿ ಮಾಡು ಅಂದರೆ ಎಲ್ಲಿಗೆ ಹೋಗೋದು?

ಅಂಕಿ ಕಲಿತ ಮೇಲೆ ಅವರು ಮೀಟರ್ ಬರೆಯೋಕೆ ಶುರು ಮಾಡಿದರು. ಒಂದು ದಿನ ಕೆಲಸಕ್ಕೆ ಹೋಗುವ ಮೊದಲು ಎಲ್ಲಾ ಸ್ವಿಚ್ ಆರಿಸಿದರು. ಮೀಟರ್ ನೋಡಿದರು. ಕೆಂಪು ದೀಪ ಮಿಣುಕುತ್ತಾ ಇತ್ತು. ಸಂಜೆ ಬಂದು ನೋಡಿದರೆ ಎರಡು ಯೂನಿಟ್ ಏರಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಹಾಗಾದರೆ ಕರೆಂಟ್ ತಿಂದವರು ಯಾರು?

ಹತ್ತು ದಿನ ಬರೆದರು. ಆಮೇಲೆ ನೋಟ್‌ಬುಕ್ ಹಿಡಿದು ಹೋದರು.

"ಅಣ್ಣಾ, ಸ್ವಲ್ಪ ಬನ್ನಿ. ನಮ್ಮ ಮನೇಲಿ ಎಲ್ಲಾ ಆರಿಸಿದ್ದೀನಿ. ಮೀಟರ್ ಓಡ್ತಾನೇ ಇದೆ."

"ನಿನಗೇನಮ್ಮ ಗೊತ್ತಾಗುತ್ತೆ ಮೀಟರ್ ವಿಷಯ?"

"ಗೊತ್ತಾಗುತ್ತೆ ಅಣ್ಣಾ. ಬರೆದಿದ್ದೀನಿ. ನೀವೇ ಓದಿ ನೋಡಿ."

ಕೆಲಸದವರನ್ನು ಕರೆಸಿ ನೋಡಿದರು. ಮೂರು ಮನೆಗೂ ನೀರು ಏರಿಸುವ ಮೋಟಾರ್ ಈ ಅಕ್ಕನ ಮೀಟರ್‌ಗೇ ಸೇರಿತ್ತು. ಬೇಕು ಅಂತ ಮಾಡಿದ್ದಾ, ಮರೆತು ಮಾಡಿದ್ದಾ, ದೇವರಿಗೇ ಗೊತ್ತು. ಆ ತಿಂಗಳಿಂದ ಮೋಟಾರಿನ ಖರ್ಚು ಮೂರು ಪಾಲು ಆಯ್ತು. ಹಳೇ ದುಡ್ಡು ವಾಪಸ್ ಬರಲಿಲ್ಲ. ಆದರೆ ತಿಂಗಳಿಗೆ 400 ರೂಪಾಯಿ ಉಳಿಯಿತು. ಯಜಮಾನರು ಈಗ ಅವರ ಮುಂದೆಯೇ ಮೀಟರ್ ಓದುತ್ತಾರೆ.

"ಟೀಚರ್, ನನ್ನ ಹೆಸರು ಬರೆದಾಗ ಖುಷಿ ಆಯ್ತು. ಆದರೆ ಆ ನೋಟ್‌ಬುಕ್ ಕೊಟ್ಟಾಗ ಧೈರ್ಯ ಬಂತು" ಅಂದರು ಆ ಅಕ್ಕ.

ಮೋಸದ ಮೆಸೇಜು

ಓದು ಬಂದವರಿಗೆ ಇನ್ನೊಂದು ಎಚ್ಚರಿಕೆ ಬೇಕು. "ಬಿಲ್ಲು ಕಟ್ಟಿಲ್ಲ. ಇವತ್ತು ರಾತ್ರಿ ಕರೆಂಟ್ ಕಟ್ ಮಾಡ್ತೀವಿ. ಈ ನಂಬರಿಗೆ ಫೋನ್ ಮಾಡಿ" ಅಂತ ಮೊಬೈಲಿಗೆ ಮೆಸೇಜು ಬರಬಹುದು. ಫೋನ್ ಮಾಡಬೇಡಿ. ಅವರು ಹೇಳಿದ್ದನ್ನು ಒತ್ತಬೇಡಿ. ಓಟಿಪಿ ಹೇಳಬೇಡಿ. ಇದರಲ್ಲಿ ಎಷ್ಟೋ ಜನ ಬ್ಯಾಂಕಿನ ದುಡ್ಡು ಕಳೆದುಕೊಂಡಿದ್ದಾರೆ. ಅನುಮಾನ ಬಂದರೆ ಕಾರ್ಡು ತಗೊಂಡು ಕರೆಂಟ್ ಆಫೀಸಿಗೆ ಹೋಗಿ ಕೇಳಿ.

ಗ್ಯಾಸ್ ಸಿಲಿಂಡರನ್ನೂ ಓದಿ

2023ರ ಮಾರ್ಚ್‌ನಲ್ಲಿ ಚೆನ್ನೈಯಲ್ಲಿ ಮನೆ ಸಿಲಿಂಡರ್ ಬೆಲೆ 1,118 ರೂಪಾಯಿ 50 ಪೈಸೆಗೆ ಏರಿತ್ತು. ಆಮೇಲೆ ಇಳಿಯಿತು, ಮತ್ತೆ ಏರಿತು. ಬೆಲೆ ನಮ್ಮ ಕೈಯಲ್ಲಿ ಇಲ್ಲ. ತೂಕ ನೋಡೋದು ನಮ್ಮ ಕೈಯಲ್ಲಿದೆ.

ಸಿಲಿಂಡರ್ ಮೇಲೆ ಖಾಲಿ ತೂಕ ಬರೆದಿರುತ್ತೆ. 15.6 ಅಂತ ಇದ್ದರೆ ಅದಕ್ಕೆ ಗ್ಯಾಸಿನ 14.2 ಕಿಲೋ ಸೇರಿಸಿ. 29.8 ಕಿಲೋ ತೂಗಬೇಕು. ತಂದವರಿಗೆ "ತೂಗಿ ಕೊಡಿ ಅಣ್ಣಾ" ಅನ್ನಿ. ಕೇಳೋದು ನಿಮ್ಮ ಹಕ್ಕು.

ಇನ್ನೊಂದು ಕಡೆ ಇಂಗ್ಲಿಷಿನ ಒಂದು ಅಕ್ಷರ, ಎರಡು ಅಂಕಿ ಇರುತ್ತೆ. ಅದು ಸಿಲಿಂಡರನ್ನು ಮತ್ತೆ ಪರೀಕ್ಷೆ ಮಾಡಬೇಕಾದ ಕಾಲ. ಎ ಅಂದರೆ ಜನವರಿಯಿಂದ ಮಾರ್ಚ್. ಬಿ ಅಂದರೆ ಏಪ್ರಿಲ್‌ನಿಂದ ಜೂನ್. ಸಿ ಅಂದರೆ ಜುಲೈನಿಂದ ಸೆಪ್ಟೆಂಬರ್. ಡಿ ಅಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಅಂಕಿ ವರ್ಷ ಹೇಳುತ್ತೆ. ಆ ಕಾಲ ದಾಟಿದ ಸಿಲಿಂಡರ್ ಬೇಡ ಅನ್ನಿ.

ಹುರುಳಿ, ಅವರೆ, ಕಡಲೆ ರಾತ್ರಿ ನೆನೆಹಾಕಿ. ಬೇಗ ಬೇಯುತ್ತೆ. ಪಾತ್ರೆಗೆ ಮುಚ್ಚಳ ಮುಚ್ಚಿ. ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ. ಸಿಲಿಂಡರ್ ಹಾಕಿದ ದಿನವನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ. ಈ ಸಲ ಎಷ್ಟು ದಿನ ಬಂತು, ಹೋದ ಸಲ ಎಷ್ಟು ದಿನ ಬಂತು ಅಂತ ಆಗ ಗೊತ್ತಾಗುತ್ತೆ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ. ಕಿಟಕಿ ಬಾಗಿಲು ತೆಗೆಯಿರಿ. ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಇಷ್ಟೇ ನನ್ನ ಮಾತು. ದರ ಏರಿಸೋದು, ಇಳಿಸೋದು ನಮ್ಮ ಕೈಯಲ್ಲಿ ಇಲ್ಲ. ಆದರೆ ಲೆಕ್ಕ ನಮ್ಮ ಕೈಯಲ್ಲಿ ಇರಲಿ. ಲೆಕ್ಕ ಗೊತ್ತಿರುವವರನ್ನು ಯಾರೂ ಸುಲಭವಾಗಿ ಮೋಸ ಮಾಡೋಕೆ ಆಗಲ್ಲ.

ಮಾಡಿ ನೋಡಿ

1. ಇವತ್ತು ನಿಮ್ಮ ಮನೆಯ ಮೀಟರ್ ನೋಡಿ. ಅಂಕಿ ಮತ್ತು ದಿನಾಂಕ ಬರೆಯಿರಿ.
2. ಏಳು ದಿನ ಆದ ಮೇಲೆ ಮತ್ತೆ ನೋಡಿ. ಕಳೆಯಿರಿ. ಎಷ್ಟು ಯೂನಿಟ್ ಆಯ್ತು?
3. ಮನೆಯ ಎಲ್ಲಾ ಸ್ವಿಚ್ ಆರಿಸಿ. ಕೆಂಪು ದೀಪ ಇನ್ನೂ ಮಿಣುಕುತ್ತಾ ಇದೆಯಾ? ನೋಡಿ ಬಂದು ತರಗತಿಯಲ್ಲಿ ಹೇಳಿ.
4. ನಿಮ್ಮ ಸಿಲಿಂಡರ್ ಮೇಲೆ ಬರೆದಿರುವ ಖಾಲಿ ತೂಕ ಎಷ್ಟು? ಅದಕ್ಕೆ 14.2 ಸೇರಿಸಿ ಬರೆಯಿರಿ.