ಮೊದಲ ಮಳೆ ಮತ್ತು ಹಿತ್ತಿಲ ಮಣ್ಣು



ಯುಗಾದಿ ಕಳೆದು ಮಾವಿನ ಮಿಡಿ ಬಲಿಯುವ ಹೊತ್ತಿಗೆ ನಮ್ಮ ನಾಡಿನಲ್ಲಿ ಗುಡುಗಿನೊಡನೆ ಒಂದೆರಡು ಮಳೆ ಬೀಳುವುದುಂಟು. ರೈತರ ಲೆಕ್ಕದಲ್ಲಿ ಇವು ಅಶ್ವಿನಿ, ಭರಣಿ ಮಳೆಗಳು. ಏಪ್ರಿಲ್ ನಡುಭಾಗದಿಂದ ಮೇ ಎರಡನೆಯ ವಾರದವರೆಗಿನವು. ಮಳೆ ನಿಂತೊಡನೆ ಹಿತ್ತಿಲಿಗೆ ಇಳಿದರೆ ಒಳಗಿನಿಂದ ಕೂಗು ಕೇಳುತ್ತದೆ: "ಕಾಲೆಲ್ಲಾ ಕೆಸರಾಗುತ್ತೆ, ಬಾ ಒಳಗೆ!" 'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಗಾದೆಯನ್ನು ವಿಸ್ತರಿಸಿ ಬರೆದು ಪೂರ್ತಿ ಅಂಕ ಪಡೆದವರು ನಮ್ಮಲ್ಲಿ ಬಹಳ ಮಂದಿ. ಕೆಸರನ್ನು ಕೈಯಲ್ಲಿ ಹಿಡಿದವರು ಎಷ್ಟು ಮಂದಿಯೋ! ಇಂದು ಆ ಕೆಸರಿನ ಬಳಿಗೇ ಹೋಗೋಣ.

ಮೊದಲು ನಮ್ಮನ್ನು ಕರೆಯುವುದು ವಾಸನೆ. ಕಾದ ನೆಲದ ಮೇಲೆ ಹನಿ ಬಿದ್ದಾಗ ಏಳುವ ಆ ಕಂಪಿಗೆ 1964ರಲ್ಲಿ ಆಸ್ಟ್ರೇಲಿಯಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ವಿಜ್ಞಾನಿಗಳು 'ಪೆಟ್ರಿಕೋರ್' ಎಂದು ಹೆಸರಿಟ್ಟರು. ಹೆಸರು ಬರುವ ಎಷ್ಟೋ ಮೊದಲೇ ಉತ್ತರ ಪ್ರದೇಶದ ಕನ್ನೌಜಿನ ಅತ್ತರಿನವರು ಅದನ್ನು ಸೀಸೆಯಲ್ಲಿ ಹಿಡಿದಿಟ್ಟಿದ್ದರು. ಸುಟ್ಟ ಮಣ್ಣಿನ ಬಿಲ್ಲೆಗಳನ್ನು ನೀರಿನೊಡನೆ ಕಾಯಿಸಿ, ಆವಿಯನ್ನು ಗಂಧದೆಣ್ಣೆಯಲ್ಲಿ ಇಳಿಸಿಕೊಳ್ಳುವುದು ಅವರ ಕ್ರಮ.

ಈ ಕಂಪಿನಲ್ಲಿ ದೊಡ್ಡ ಪಾಲು 'ಜಿಯೋಸ್ಮಿನ್' ಎಂಬ ವಸ್ತುವಿನದು. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಮೊದಲಾದ ಅಣುಜೀವಿಗಳು ಇದನ್ನು ತಯಾರಿಸುತ್ತವೆ. ಬೀಟ್‌ರೂಟಿಗೆ ಮಣ್ಣಿನ ವಾಸನೆ ಇರುವುದಕ್ಕೂ ಇದೇ ಕಾರಣ. ಒಂದು ಲಕ್ಷ ಕೋಟಿ ಭಾಗ ನೀರಿನಲ್ಲಿ ಇದು ಕೆಲವೇ ಭಾಗ ಬೆರೆತಿದ್ದರೂ ನಮ್ಮ ಮೂಗು ಹಿಡಿದುಬಿಡುತ್ತದೆ! ಅಣುಜೀವಿಗೇನು ಲಾಭ ಎನ್ನುತ್ತೀರಾ? ಸ್ಪ್ರಿಂಗ್‌ಟೇಲ್ ಎಂಬ ಪುಟ್ಟ ಪ್ರಾಣಿಗಳು ಈ ವಾಸನೆಗೆ ಮರುಳಾಗಿ ಬಂದು, ಅದರ ಬೀಜಕಣಗಳನ್ನು ಹೊತ್ತು ಹರಡುತ್ತವೆ ಎಂದು 2020ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಎಂದರೆ ಆ ಆಮಂತ್ರಣ ನಮಗೆ ಕಳಿಸಿದ್ದೇ ಅಲ್ಲ. ನಾವು ಕರೆಯದೆ ಬಂದ ಅತಿಥಿಗಳು.

ಜೋರುಮಳೆಗಿಂತ ತುಂತುರು ಮಳೆಯಲ್ಲಿ ಈ ಕಂಪು ಹೆಚ್ಚು. 2015ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯವರು ಅತಿವೇಗದ ಕ್ಯಾಮೆರಾದಿಂದ ಇದನ್ನು ಸೆರೆಹಿಡಿದರು. ಮೆಲ್ಲನೆ ಬಿದ್ದ ಹನಿಯ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು, ಸೋಡಾದ ಗುಳ್ಳೆಗಳಂತೆ ಮೇಲೇರಿ ಒಡೆದು, ಮಣ್ಣಿನ ಕಂಪನ್ನು ಗಾಳಿಗೆ ಸಿಡಿಸುತ್ತದೆ.

ಇನ್ನು ಸ್ಪರ್ಶ. ಒಂದು ಹಿಡಿ ಒದ್ದೆ ಮಣ್ಣನ್ನು ತೆಗೆದು ಹೆಬ್ಬೆರಳು, ತೋರುಬೆರಳುಗಳ ನಡುವೆ ಉಜ್ಜಿ ನೋಡಿ. (ಕೈಯಲ್ಲಿ ಗಾಯವಿದ್ದರೆ ಬೇಡ. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲೇ ಇರುತ್ತದೆ.) ಚರಚರ ಎಂದರೆ ಮರಳು. ರಾಗಿಹಿಟ್ಟಿನಂತೆ ನುಣುಪಾಗಿದ್ದರೆ ಗೋಡು. ಬೆರಳು ಬಿಡದೆ ಅಂಟಿಕೊಂಡರೆ ಜೇಡಿ. ಅದರ ಕಣ ಒಂದು ಮಿಲಿಮೀಟರಿನ ಐನೂರನೆಯ ಒಂದು ಭಾಗಕ್ಕಿಂತಲೂ ಚಿಕ್ಕದು. ಮಣ್ಣನ್ನು ಬೆರಳಿನಿಂದ ಒತ್ತಿ ಪಟ್ಟಿಯಂತೆ ಹೊರಕ್ಕೆ ತಳ್ಳಿ. ಮುರಿಯದೆ ಎಷ್ಟು ಉದ್ದ ಬಂದರೆ ಅಷ್ಟು ಜೇಡಿ ಹೆಚ್ಚು. ಮಣ್ಣು ಬಲ್ಲವರು ಇಂದಿಗೂ ಹೊಲದಲ್ಲಿ ಮಾಡುವ ಪರೀಕ್ಷೆ ಇದು. ವಿಜಾಪುರ, ಗದಗದ ಎರೆಭೂಮಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ! ಮಳೆಯಲ್ಲಿ ನಡೆದರೆ ಅಲ್ಲಿ ಚಪ್ಪಲಿಯ ಅಡಿಗೆ ಇನ್ನೊಂದು ಚಪ್ಪಲಿಯೇ ಬೆಳೆಯುತ್ತದೆ.

ಹೆಂಟೆಯೊಂದನ್ನು ಒಡೆದಾಗ ಎರೆಹುಳು ಕಂಡರೆ ಹೌಹಾರಬೇಡಿ. ಚಾರ್ಲ್ಸ್ ಡಾರ್ವಿನ್ 1881ರಲ್ಲಿ ಎರೆಹುಳುಗಳ ಮೇಲೆಯೇ ಒಂದು ಪುಸ್ತಕ ಬರೆದ. ಇಂಗ್ಲೆಂಡಿನ ಹಲವೆಡೆ ಎಕರೆಗೆ ವರ್ಷಕ್ಕೆ ಹತ್ತು ಟನ್ನಿಗೂ ಮಿಕ್ಕಿ ಮಣ್ಣು ಅವುಗಳ ಹೊಟ್ಟೆಯ ಮೂಲಕ ಹಾದುಹೋಗುತ್ತದೆಂದು ಅವನ ಲೆಕ್ಕ. ಅವಕ್ಕೆ ಕಿವಿ ಕೇಳುತ್ತದೆಯೇ ಎಂದು ತಿಳಿಯಲು ಆ ಮಹಾಶಯ ಅವುಗಳ ಮುಂದೆ ಬಸೂನ್ ವಾದ್ಯವನ್ನೂ ನುಡಿಸುವ ಏರ್ಪಾಡು ಮಾಡಿದ್ದುಂಟು. ಹುಳುಗಳು ಲಕ್ಷ್ಯಕ್ಕೇ ತೆಗೆದುಕೊಳ್ಳಲಿಲ್ಲ.

ಇದೆಲ್ಲ ಬರಿಯ ಆಟವಲ್ಲ. ನೀರು ನಿಂತು ಉಸಿರುಕಟ್ಟಿದ ಮಣ್ಣು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಅಂಥಲ್ಲಿ ಬದನೆ, ಮೆಣಸಿನ ಬೇರುಗಳು ಕೊಳೆಯುತ್ತವೆ. ಗೊಬ್ಬರ ಕಾಣದೆ ಬಡವಾದ ಮಣ್ಣು ಒಣಗಿದಾಗ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಒಳ್ಳೆಯ ಮಣ್ಣು ಹೇಗಿರುತ್ತದೆಂದು ಮೂಗಿಗೆ, ಬೆರಳಿಗೆ ಗೊತ್ತಿಲ್ಲದವನಿಗೆ ಕೆಟ್ಟ ಮಣ್ಣು ಕಣ್ಣೆದುರಿಗಿದ್ದರೂ ತಿಳಿಯದು. ಅಂಗಳಕ್ಕೆಲ್ಲ ಸಿಮೆಂಟು ಬಳಿದ ಮನೆಗಳಲ್ಲಿ ಬೆಳೆಯುತ್ತಿರುವ ನಿಮ್ಮ ಗೆಳೆಯರಿಗೆ ಇದನ್ನು ಕಲಿಯುವ ಜಾಗವೇ ಇಲ್ಲ. ಒಂದು ಕುಂಡದ ಮಣ್ಣಾದರೂ ಅವರಿಗೆ ಸಿಗಲಿ.

ಒಂದು ಎಚ್ಚರಿಕೆ: ಒದ್ದೆ ಪಾತಿಯ ಮೇಲೆ ನಡೆಯಬೇಡಿ. ತುಳಿದರೆ ಗಾಳಿಯಾಡುವ ಸಂದುಗಳು ಮುಚ್ಚಿಹೋಗುತ್ತವೆ. ಅಂಚಿನಲ್ಲಿ ಕುಳಿತೇ ಕೈ ಹಾಕಿ.

ತಂದ ಮಣ್ಣನ್ನು ಗಾಜಿನ ಸೀಸೆಯೊಂದಕ್ಕೆ ಅರ್ಧದಷ್ಟು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಕಿಟಕಿಯಲ್ಲಿಡಿ. ನಿಮಿಷದೊಳಗೆ ಮರಳು ತಳ ಸೇರುತ್ತದೆ. ಅದರ ಮೇಲೆ ನಿಧಾನವಾಗಿ ಗೋಡು ಕೂರುತ್ತದೆ. ಜೇಡಿಗೆ ಮಾತ್ರ ಅವಸರವಿಲ್ಲ. ನಾಳೆ ಬೆಳಗಾಗುವವರೆಗೂ ಸೀಸೆಯನ್ನು ಅಲುಗಿಸಬೇಡಿ.